ಸ್ಕೀಯಿಂಗ್ ಕಲಿಯಲು ಆಲ್ಪ್ಸ್‌ಗೇ ಹೋಗಬೇಕಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಸ್ಕೀಯಿಂಗ್ ಪ್ರವಾಸದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸ್ವಿಟ್ಜರ್‌ಲೆಂಡ್ ಮತ್ತು ಆಸ್ಟ್ರಿಯಾದ ಇಳಿಜಾರುಗಳ ವರ್ಣನೆ ಸೊಗಸಾಗಿತ್ತು. ಆದರೆ ಅದರ ಕೊನೆಯಲ್ಲಿದ್ದ ಖರ್ಚಿನ ಅಂದಾಜನ್ನು ಕಂಡ ನನ್ನಂಥ ಓದುಗರು ಪುಟ ಮಗುಚಿ ಪದಬಂಧಕ್ಕೆ ಹೋಗಿರುತ್ತಾರೆ. ನಮ್ಮ ದೇಶದ ಹಿಮಕ್ಕೆ ಲೇಖಕರು ಮೀಸಲಿಟ್ಟಿದ್ದು ಒಂದೇ ಪ್ಯಾರಾ, ಅದರಲ್ಲೂ ಒಂದು ತಪ್ಪು ನುಸುಳಿದೆ. ಸಾಧಾರಣ ಸಂಬಳದವರೂ ಸ್ಕೀಯಿಂಗ್ ಕಲಿತು ಬರಬಹುದು ಎಂಬುದನ್ನು ಸ್ವಂತ ಅನುಭವದಿಂದ ಬಲ್ಲೆನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಪದವಿ ಓದುತ್ತಿದ್ದ ಮಗಳು ಹಿಮದ ಹಟ ಹಿಡಿದಾಗ, ಮೊದಲು ಬೆಂಗಳೂರಿನ ಪ್ರವಾಸ ಏಜೆನ್ಸಿಯೊಂದನ್ನು ವಿಚಾರಿಸಿದೆ. ಆರು ದಿನಕ್ಕೆ ತಲಾ 58 ಸಾವಿರ ರೂಪಾಯಿ ಎಂದರು. ಅದರಲ್ಲಿ ಸ್ಕೀಯಿಂಗ್ ಎಷ್ಟು ಹೊತ್ತು ಎಂದು ಕೇಳಿದ್ದಕ್ಕೆ 'ಎರಡು ಗಂಟೆ ಇರುತ್ತೆ ಮೇಡಂ, ಫೋಟೊಗೆ ಸಾಕಾಗುತ್ತೆ' ಎಂಬ ಉತ್ತರ ಬಂತು. ಹಿಮ ನೋಡಲು ಹೋಗುವುದಕ್ಕೂ ಹಿಮದ ಮೇಲೆ ಜಾರಲು ಕಲಿಯುವುದಕ್ಕೂ ಇರುವ ಅಂತರ ಆ ಮಾತಿನಿಂದಲೇ ನನಗೆ ಅರ್ಥವಾಯಿತು. ನೋಡಲು ಹೋದವರು ಕೋಟಿಗೆ, ಗಮ್‌ಬೂಟಿಗೆ, ಕುದುರೆಗೆ, ಎಳೆಯುವ ಸ್ಲೆಡ್ಜಿಗೆ, ಗಂಟೆಯ ಲೆಕ್ಕದ ಸ್ಕೀಗೆ (ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಪಟ್ಟಿಗಳು) ಹೀಗೆ ಹೆಜ್ಜೆಹೆಜ್ಜೆಗೂ ದುಡ್ಡು ಬಿಚ್ಚುತ್ತಾರೆ. ಕಲಿಯಲು ಹೋದವರು ಒಂದು ಶುಲ್ಕ ಕಟ್ಟಿದರೆ ಬಹುಪಾಲು ಮುಗಿಯಿತು.

ಈ ಕಲಿಕೆಗೆ ಸರ್ಕಾರಿ ಏರ್ಪಾಡುಗಳೇ ಇವೆ ಎಂಬುದು ನಮ್ಮ ಕಡೆ ಹೆಚ್ಚು ಜನರಿಗೆ ತಿಳಿದಿಲ್ಲ. ಉತ್ತರಾಖಂಡದ ಔಲಿಯಲ್ಲಿ ಅಲ್ಲಿನ ಸರ್ಕಾರದ ಗಢವಾಲ್ ಮಂಡಲ್ ವಿಕಾಸ್ ನಿಗಮವು 7 ಮತ್ತು 14 ದಿನಗಳ ತರಬೇತಿಗಳನ್ನು ನಡೆಸುತ್ತ ಬಂದಿದೆ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯಿದ್ದು, ಅದರ ಸ್ಕೀಯಿಂಗ್ ಪಾಠಗಳು ಊರಿಂದ ಹದಿಮೂರು ಕಿಲೋಮೀಟರ್ ದೂರದ ಸೋಲಂಗ್ ಕಣಿವೆಯಲ್ಲಿ ನಡೆಯುತ್ತವೆ. ಇಂಥ ತರಬೇತಿಗಳಲ್ಲಿ ಸಾಮಾನ್ಯವಾಗಿ ವಸತಿ, ಊಟ, ಸ್ಕೀ, ಬೂಟು, ಕೋಲು ಮತ್ತು ಬೋಧಕರ ಪಾಠ ಎಲ್ಲವೂ ಶುಲ್ಕದಲ್ಲೇ ಸೇರಿರುತ್ತವೆ. ಡಾರ್ಮಿಟರಿಯ ಹಾಸಿಗೆ, ರಾಜ್ಮಾ ಅನ್ನ, ಬೆಳಗಿನ ಬಿಸಿನೀರಿಗೆ ಸರತಿ ಇವುಗಳಿಗೆ ಒಗ್ಗಿಕೊಳ್ಳಬೇಕು. ಹಾಸ್ಟೆಲಿನಲ್ಲಿ ಓದಿದವರಿಗೆ ಇದೇನೂ ಹೊಸತಲ್ಲ.

ನಾವು 2024ರ ಫೆಬ್ರವರಿಯಲ್ಲಿ ಔಲಿಯ ಏಳು ದಿನಗಳ ತರಬೇತಿಗೆ ಹೋದೆವು. ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್‌ನ ಸ್ಲೀಪರ್ ಬೋಗಿ, ಅಲ್ಲಿಂದ ಹರಿದ್ವಾರಕ್ಕೆ ಇನ್ನೊಂದು ರೈಲು, ಹರಿದ್ವಾರದಿಂದ ನಸುಕಿನಲ್ಲಿ ಹೊರಡುವ ಬಸ್ಸಿನಲ್ಲಿ ಜೋಶಿಮಠ. ಈ ಕೊನೆಯ ಸುಮಾರು 275 ಕಿಲೋಮೀಟರ್‌ಗೆ ಹತ್ತು ಗಂಟೆಗೂ ಹೆಚ್ಚು ಹಿಡಿಯಿತು. ಟ್ಯಾಕ್ಸಿಯವರು ಇದೇ ದಾರಿಗೆ ಕೇಳಿದ ಹಣದಲ್ಲಿ ನಾವಿಬ್ಬರೂ ಊರಿಗೆ ಮರಳಿ ಮುಟ್ಟಬಹುದಿತ್ತು. ಬಸ್ಸಿನ ಕಿಟಕಿಯಲ್ಲಿ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳ ಸಂಗಮಗಳು ಒಂದೊಂದಾಗಿ ಹಾದುಹೋದವು. ಶೃಂಗೇರಿಯ ಪಕ್ಕದ ತಾಲ್ಲೂಕಿನವಳಾದ ನನಗೆ, ಶಂಕರಾಚಾರ್ಯರ ಉತ್ತರದ ಪೀಠವಿರುವ ಜ್ಯೋತಿರ್ಮಠವೇ ಈ ಜೋಶಿಮಠ ಎಂಬ ಕಾರಣಕ್ಕೆ ಅಲ್ಲಿ ಕಳೆದ ಒಂದು ದಿನವೂ ದಂಡವೆನಿಸಲಿಲ್ಲ. ಆ ದಿನವನ್ನು ನಾವು ಬೇಕೆಂದೇ ಇಟ್ಟುಕೊಂಡಿದ್ದೆವು. ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿವೆ, ಬಯಲುಸೀಮೆಯಿಂದಾಗಲಿ ಮಲೆನಾಡಿನಿಂದಾಗಲಿ ಹೋದ ಮೈ ಅದಕ್ಕೆ ಹೊಂದಿಕೊಳ್ಳಲು ಸಮಯ ಬೇಕು.

ಈ ರೀತಿ ಹೋಗಬಯಸುವವರು ರೈಲಿನ ಮುಂಗಡ ಬುಕಿಂಗ್ ಈಗ 60 ದಿನಗಳ ಮೊದಲಷ್ಟೇ ತೆರೆಯುತ್ತದೆ ಎಂಬುದನ್ನು ನೆನಪಿಡಬೇಕು. ನಾವು ಹೋದಾಗ 120 ದಿನಗಳ ಅವಕಾಶವಿತ್ತು. ಸಂಕ್ರಾಂತಿಯ ರಜೆಗೋ ಗಣರಾಜ್ಯೋತ್ಸವದ ವಾರಾಂತ್ಯಕ್ಕೋ ಹೊಂದಿಸಿಕೊಳ್ಳಲು ಹೋದರೆ ರೈಲೂ ಸಿಗದು, ವಸತಿಯೂ ದುಬಾರಿ. ಫೆಬ್ರವರಿಯ ನಡು ವಾರಗಳು ಎಲ್ಲ ರೀತಿಯಲ್ಲೂ ಅನುಕೂಲ.

ಬಟ್ಟೆಯ ವಿಷಯದಲ್ಲಿ ನಮ್ಮವರು ಅತಿಯಾಗಿ ಹೆದರಿ ಅತಿಯಾಗಿ ಖರ್ಚು ಮಾಡುತ್ತಾರೆ. ಸ್ಕೀಯಿಂಗ್ ಮಾಡುವಾಗ ಮೈ ಬೆವರುತ್ತದೆ. ಹಾಗಾಗಿ ಒಂದೇ ದಪ್ಪ ಕೋಟಿಗಿಂತ ತೆಳುವಾದ ಹಲವು ಪದರಗಳು ಹಿತ. ನಾವು ಒಳಗೆ ಥರ್ಮಲ್, ನಡುವೆ ಮನೆಯಲ್ಲೇ ಇದ್ದ ಉಣ್ಣೆಯ ಸ್ವೆಟರ್, ಮೇಲೆ ಮಳೆಗಾಲದಲ್ಲಿ ತೋಟಕ್ಕೆ ಹೋಗುವಾಗ ತೊಡುವ ರೇನ್‌ಕೋಟು ಧರಿಸಿದೆವು. ಆಗುಂಬೆ ಕಡೆಯ ಜಡಿಮಳೆಯನ್ನು ತಡೆಯುವ ಕೋಟಿಗೆ ಔಲಿಯ ಹಿಮ ಯಾವ ಲೆಕ್ಕ? ಜೀನ್ಸ್ ಮಾತ್ರ ಬೇಡ, ಒಮ್ಮೆ ನೆಂದರೆ ಒಣಗುವುದಿಲ್ಲ. ಹೊಸದಾಗಿ ಕೊಂಡದ್ದೆಂದರೆ ನೀರು ಹೀರದ ಕೈಗವಸು ಮತ್ತು ಕಪ್ಪು ಕನ್ನಡಕ. ಹಿಮದಿಂದ ಪ್ರತಿಫಲಿಸುವ ಬಿಸಿಲು ಕಣ್ಣಿಗೂ ಚರ್ಮಕ್ಕೂ ಹಾನಿಕರವಾದ್ದರಿಂದ ಈ ಎರಡನೆಯದರಲ್ಲಿ ಜಿಪುಣತನ ಸಲ್ಲದು. ಸ್ಕೀ ಬೂಟಿನೊಳಗೆ ಎರಡೆರಡು ಜೊತೆ ಕಾಲುಚೀಲ ಹಾಕುವುದು ಹೊಸಬರೆಲ್ಲರೂ ಮಾಡುವ ತಪ್ಪು. ಕಾಲು ಬಿಗಿದು ರಕ್ತ ಸರಿಯಾಗಿ ಓಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಮೊಣಕಾಲು ಬಾಗಿಸಿ ಮುಂದಕ್ಕೆ ಒರಗಿದಾಗ ಹಿಮ್ಮಡಿ ಮೇಲೇಳದಂಥ ಬೂಟು ಸಿಗುವ ತನಕ ಬದಲಿಸಿ ಕೊಡುವಂತೆ ಕೇಳಲು ಸಂಕೋಚಪಡಬಾರದು. ನನಗೆ ಮೂರನೆಯ ಜೊತೆ ಹೊಂದಿತು.

ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟಿನ ವಿಚಾರವೂ ಹೀಗೆಯೇ. ಪ್ಯಾಕೇಜುಗಳು ಮೊದಲ ದಿನವೇ ಲಿಫ್ಟ್ ಟಿಕೆಟ್ ಸೇರಿಸಿ ಮೊತ್ತ ಏರಿಸುತ್ತವೆ, ಆದರೆ ಹೊಸದಾಗಿ ಕಲಿಯುವವರಿಗೆ ಅದರ ಅಗತ್ಯವೇ ಬರುವುದಿಲ್ಲ. ಮೊದಲೆರಡು ದಿನ ನಮಗೆ ಕಲಿಸಿದ್ದು ಸಮತಟ್ಟಿನಲ್ಲಿ ಸ್ಕೀ ತೊಟ್ಟು ನಡೆಯುವುದು, ಅಡ್ಡಡ್ಡಲಾಗಿ ಹೆಜ್ಜೆಯಿಟ್ಟು ದಿಬ್ಬ ಹತ್ತುವುದು, ಪಕ್ಕಕ್ಕೆ ಬೀಳುವುದು, ಬಿದ್ದಲ್ಲಿಂದ ಏಳುವುದು ಇಷ್ಟೇ. ಮೂರನೆಯ ದಿನ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿ ವೇಗ ತಗ್ಗಿಸುವ 'ಸ್ನೋ ಪ್ಲೋ' ಬಂತು. ಗದ್ದೆಯ ಅಂಚಿನಷ್ಟೇ ಎತ್ತರದ ದಿಬ್ಬದಿಂದ ಜಾರಿ ಕೆಳಗೆ ಬಂದು, ಯಾರನ್ನೂ ಹಿಡಿದುಕೊಳ್ಳದೆ ನಿಂತಾಗ ನನಗೆ ನಲವತ್ತೇಳು ವರ್ಷ ಎಂಬುದು ಮರೆತೇಹೋಗಿತ್ತು. ಎದುರಿಗೆ 7,816 ಮೀಟರಿನ ನಂದಾದೇವಿ ನಿಂತಿತ್ತು. ಮಗಳು ಅಷ್ಟರಲ್ಲಿ ತಿರುವು ಕಲಿಯಲು ಮೇಲಿನ ಇಳಿಜಾರಿಗೆ ಹೋಗಿದ್ದಳು. ಹದಿನೈದು ದಿನಗಳ ನಮ್ಮಿಬ್ಬರ ಒಟ್ಟು ಖರ್ಚು ಆ ಏಜೆನ್ಸಿ ಒಬ್ಬರಿಗೆ ಹೇಳಿದ್ದ ಮೊತ್ತವನ್ನು ಮುಟ್ಟಲಿಲ್ಲ.

ಇಷ್ಟು ಹೇಳಿದ ಮೇಲೆ ಇದರ ಅನಿಶ್ಚಿತತೆಯನ್ನೂ ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತಾದೀತು. ಹಿಮ ಈಗ ಹೇಳಿದ ಸಮಯಕ್ಕೆ ಬೀಳುತ್ತಿಲ್ಲ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯ ಅವಧಿಯನ್ನು 'ಚಿಲ್ಲಾಯ್ ಕಲಾನ್' ಎನ್ನುತ್ತಾರೆ. 2024ರಲ್ಲಿ ಆ ಅವಧಿ ಮುಗಿಯುತ್ತ ಬರುವವರೆಗೂ ಗುಲ್ಮಾರ್ಗ್‌ನ ಹುಲ್ಲುಗಾವಲು ಬೋಳಾಗಿಯೇ ಇತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳೇ ಹಿಮವಿಲ್ಲದೆ ಮಾರ್ಚ್‌ಗೆ ಮುಂದೂಡಿಕೆಯಾದವು. ಆದ್ದರಿಂದ ಶುಲ್ಕ ಕಟ್ಟುವ ಮೊದಲು, ಹಿಮ ಬೀಳದಿದ್ದರೆ ಹಣ ಮರಳುತ್ತದೆಯೇ ಅಥವಾ ಮುಂದಿನ ತಂಡಕ್ಕೆ ಸೇರಿಸಿಕೊಳ್ಳುತ್ತಾರೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ರದ್ದುಪಡಿಸಿದರೆ ಹಣವೇ ಬಾರದ ಅಗ್ಗದ ವಿಮಾನ ಟಿಕೆಟ್ಟಿಗಿಂತ ರೈಲಿನ ಟಿಕೆಟ್ಟೇ ಇಲ್ಲಿ ಬುದ್ಧಿವಂತಿಕೆ.

ಉಳಿತಾಯ ಮಾಡಲೇಬಾರದ ಜಾಗವೂ ಒಂದಿದೆ. ಗುಲ್ಮಾರ್ಗ್‌ನ ಗೊಂಡೋಲದ (ಕೇಬಲ್ ಕಾರಿನ) ಎರಡನೆಯ ಹಂತ ಪ್ರಯಾಣಿಕರನ್ನು ಅಫರ್ವತ್ ಪರ್ವತದಲ್ಲಿ 3,900 ಮೀಟರಿಗೂ ಮೇಲೆ ಇಳಿಸುತ್ತದೆ. ಅಲ್ಲಿಂದ ಕೆಳಗಿನ ಬಹುಭಾಗ ಯಾರೂ ಹದ ಮಾಡದ ಹಿಮ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಒಬ್ಬರು ಅಲ್ಲಿನ ಹಿಮಕುಸಿತಗಳಲ್ಲಿ ಪ್ರಾಣ ಕಳೆದುಕೊಂಡರು. ಗೈಡಿನ ಹಣ ಉಳಿಸಿ ಆ ಎತ್ತರಕ್ಕೆ ಹೋಗುವ ಬದಲು ಹೋಗದೇ ಇರುವುದು ಲೇಸು. ಪ್ರಯಾಣ ವಿಮೆ ಮಾಡಿಸುವವರು ಅದರಲ್ಲಿ ಚಳಿಗಾಲದ ಕ್ರೀಡೆಗಳು ಸೇರಿವೆಯೇ ಎಂದು ಸಣ್ಣ ಅಕ್ಷರಗಳನ್ನೂ ಓದಬೇಕು. ಎಷ್ಟೋ ಪಾಲಿಸಿಗಳು ಅವುಗಳನ್ನು ಹೊರಗಿಟ್ಟಿರುತ್ತವೆ.

ಕಾಶ್ಮೀರಕ್ಕೇ ಹೋಗಬಯಸುವವರಿಗೆ ಈಗ ದಾರಿ ಹಿಂದಿಗಿಂತ ಸುಲಭವಾಗಿದೆ. 2025ರ ಜೂನ್‌ನಲ್ಲಿ ಕಟ್ರಾ–ಶ್ರೀನಗರ ನಡುವೆ ವಂದೇ ಭಾರತ್ ರೈಲು ಆರಂಭವಾದ ಮೇಲೆ ಹೆದ್ದಾರಿಯ ಭೂಕುಸಿತಗಳಲ್ಲಿ ಸಿಲುಕುವ ಭಯ ತಗ್ಗಿದೆ. ಮಂಗಳೂರು ಸೆಂಟ್ರಲ್‌ನಿಂದ ಕಟ್ರಾಕ್ಕೆ ವಾರಕ್ಕೊಮ್ಮೆ ಹೊರಡುವ ನವಯುಗ್ ಎಕ್ಸ್‌ಪ್ರೆಸ್ ಇದೆ, ಮೂರು ದಿನ ಕೂರುವ ತಾಳ್ಮೆ ಇರಬೇಕಷ್ಟೆ. ಗುಲ್ಮಾರ್ಗ್‌ನಲ್ಲೇ ತಂಗುವ ಬದಲು ಹದಿಮೂರು ಕಿಲೋಮೀಟರ್ ಕೆಳಗಿನ ತಂಗ್‌ಮರ್ಗ್‌ನಲ್ಲಿ ಕೋಣೆ ಹಿಡಿದು, ಬೆಳಿಗ್ಗೆ ಶೇರ್ ಸುಮೋದಲ್ಲಿ ಮೇಲೆ ಹೋಗುವವರೂ ಇದ್ದಾರೆ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡದೆಂಬುದು ಹೊರಡುವ ಮುನ್ನ ತಿಳಿದಿರಲಿ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯಲ್ಲಿ ನೆರೆಯ ಶಿವಮೊಗ್ಗವೂ ಒಬ್ಬರನ್ನು ಕಳೆದುಕೊಂಡಿದೆ. ಆ ಬಳಿಕ ಕಾಶ್ಮೀರವೆಂದರೆ ಮನೆಮಂದಿ ಹಿಂಜರಿಯುವುದನ್ನು ನಾನು ಅಲ್ಲಗಳೆಯಲಾರೆ. ಅಂಥವರಿಗೆ ಔಲಿ, ಸೋಲಂಗ್ ಇವೆ.

ಯೂರೋಪಿನಲ್ಲಿ ನೆಲೆಸಿರುವ ಕನ್ನಡಿಗರ ಲೆಕ್ಕ ಬೇರೆ. ಆಲ್ಪ್ಸ್‌ಗಿಂತ ಅಗ್ಗವೆಂದು ಹೆಸರಾದ ಬಲ್ಗೇರಿಯಾದ ಬಾನ್‌ಸ್ಕೊ ಅವರ ಕೈಗೆಟುಕುತ್ತದೆ. ಇಲ್ಲಿಂದ ಹೋಗುವವರಿಗಾದರೆ ಷೆಂಗೆನ್ ವೀಸಾ ಶುಲ್ಕವೇ ತಲಾ 90 ಯೂರೊ, ವೀಸಾ ನಿರಾಕರಿಸಿದರೆ ಅದೂ ಹೋಯಿತು.

ಸ್ಕೀಯಿಂಗ್ ನಮ್ಮವರಿಗಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು, ದೇಶವನ್ನು ಪ್ರತಿನಿಧಿಸಿದವರು. ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ನಮ್ಮ ರಾಜ್ಯದಲ್ಲಿದೆ. ಕೊರತೆ ಇರುವುದು ಮಾಹಿತಿಯಲ್ಲಿ. ಮೇಲೆ ಹೇಳಿದ ಸಂಸ್ಥೆಗಳ ಪ್ರಕಟಣೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ನಮಗೆ ಸಿಕ್ಕವು, ವಯೋಮಿತಿ ಹಾಗೂ ವೈದ್ಯಕೀಯ ಪ್ರಮಾಣಪತ್ರದ ನಿಯಮಗಳನ್ನು ಮಗಳೇ ಕುಳಿತು ಹುಡುಕಿ ತೆಗೆಯಬೇಕಾಯಿತು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಪ್ರತಿವರ್ಷ ದಸರಾ ಹೊತ್ತಿಗೆ ಈ ತರಬೇತಿಗಳ ದಿನಾಂಕ, ಶುಲ್ಕ ಮತ್ತು ಅರ್ಜಿಯ ವಿವರಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿ ಪದವಿ ಕಾಲೇಜುಗಳಿಗೆ ಕಳುಹಿಸುವಂತಾಗಬೇಕು. ತಮ್ಮ ಪುರವಣಿಯೂ ಅರ್ಧ ಪುಟ ಕೊಟ್ಟರೆ ಆಲ್ಪ್ಸ್‌ನ ಚಿತ್ರಗಳಿಗಿಂತ ಹೆಚ್ಚು ಮಂದಿಗೆ ಉಪಯೋಗವಾದೀತು.

ಇನ್ನು ಆ ತಪ್ಪಿನ ವಿಷಯ. ಜೋಶಿಮಠದಿಂದ ರೋಪ್‌ವೇಯಲ್ಲಿ ಔಲಿ ತಲುಪಬಹುದೆಂದು ಲೇಖನದಲ್ಲಿದೆ. ಪಟ್ಟಣದ ನೆಲ ಕುಸಿಯತೊಡಗಿದ 2023ರ ಜನವರಿಯಲ್ಲೇ ಅದನ್ನು ನಿಲ್ಲಿಸಲಾಯಿತು. ನಾವು ಹೋದಾಗ ಅದರ ತಂತಿಗಳು ಖಾಲಿ ಇದ್ದವು, ಬಸ್ ನಿಲ್ದಾಣದ ಬಳಿ ಆಳು ತುಂಬುವವರೆಗೆ ಕಾದು ಶೇರ್ ಜೀಪಿನಲ್ಲಿ ಮೇಲೆ ಹೋದೆವು. ಲೇಖನವನ್ನು ನಂಬಿ ಹೋಗುವವರು ಸಂಜೆಗತ್ತಲಲ್ಲಿ ಜೀಪು ಸಿಗದೆ ಪರದಾಡದಂತೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಬೇಕಾಗಿ ವಿನಂತಿ.

ಇತಿ,
ತಮ್ಮ ಬಹುಕಾಲದ ಓದುಗಿ,
ಕೊಪ್ಪ, ಚಿಕ್ಕಮಗಳೂರು ಜಿಲ್ಲೆ