ರಾಹುಲಮಾತೆಯ ಆ ಸಂಜೆ

ಪುಟ್ಟಿ,

ನೀನು ಕಳುಹಿಸಿದ ಯಶೋಧರೆಯ ಏಕವ್ಯಕ್ತಿ ನಾಟಕವನ್ನು ಎರಡು ಸಲ ಓದಿದೆ. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಎಂಟನೆಯ ತರಗತಿಯಲ್ಲಿ ನಾನೂ ಯಶೋಧರೆಯಾಗಿದ್ದೆ. ಇಡೀ ಪಾತ್ರವೆಂದರೆ ಮಲಗಿರುವುದು. ಎರಡು ಬೆಂಚು ಜೋಡಿಸಿ, ನಿನ್ನ ಅಜ್ಜಿಯ ಮದುವೆ ಸೀರೆ ಹಾಸಿ, ಪಕ್ಕದಲ್ಲಿ ಟವೆಲ್ ಸುತ್ತಿ ಮಾಡಿದ ರಾಹುಲನನ್ನಿಟ್ಟಿದ್ದರು. ಸಿದ್ಧಾರ್ಥ ಬಾಗಿಲಲ್ಲಿ ನಿಂತು ಉದ್ದುದ್ದ ಮಾತನಾಡಿದ. ಅಷ್ಟರಲ್ಲಿ ನನ್ನ ಕಾಲಿಗೆ ಇರುವೆ ಕಚ್ಚಿತು. ಅಲುಗಲಿಲ್ಲ. ಬಹುಮಾನ ಸಿದ್ಧಾರ್ಥನಿಗೆ ಹೋಯಿತು.

ಜಾತಕಕಥೆಗಳ ಪೀಠಿಕೆಯಾದ ನಿದಾನಕಥೆಯನ್ನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿ ಅವಳನ್ನು ಕರೆಯುವುದೇ ‘ರಾಹುಲಮಾತೆ’ ಎಂದು. ಮಲ್ಲಿಗೆ ಹರಡಿದ ಹಾಸಿಗೆಯಲ್ಲಿ ಮಗುವಿನ ತಲೆಯ ಮೇಲೆ ಕೈಯಿಟ್ಟು ಮಲಗಿದ್ದಾಳೆ. ಕೈ ಸರಿಸಿದರೆ ಎಚ್ಚರವಾದಾಳು, ಹೊರಡಲು ಅಡ್ಡಿಯಾದೀತು ಎಂದು ಅವನು ಹೊಸ್ತಿಲಿನಿಂದಲೇ ಹಿಂದಿರುಗುತ್ತಾನೆ.

ಬುದ್ಧ ಕಪಿಲವಸ್ತುವಿಗೆ ಮರಳಿದಾಗ ನಿನ್ನ ಯಶೋಧರೆ ಎದುರಿಗೆ ನಿಂತು ‘ಯಾಕೆ ಬಿಟ್ಟುಹೋದೆ?’ ಎಂದು ನಾಲ್ಕು ಪುಟ ಕೇಳುತ್ತಾಳೆ. ಮಾತುಗಳು ಚೆನ್ನಾಗಿವೆ. ಆದರೆ ಆ ಪ್ರಶ್ನೆ ನಿನ್ನದು ಅನ್ನಿಸಿತು. ಅವಳು ಎದುರಿಗೆ ಹೋಗಲೇ ಇಲ್ಲವಲ್ಲ! ‘ನನ್ನಲ್ಲಿ ಗುಣವಿದ್ದರೆ ಅವರೇ ಬರುತ್ತಾರೆ’ ಎಂದು ಕೋಣೆಯಲ್ಲೇ ಉಳಿದಳು. ಅವನೇ ಬಂದ. ಅದೂ, ಆಕೆ ತನಗಿಷ್ಟ ಬಂದಂತೆ ನಮಸ್ಕರಿಸಲಿ, ಯಾರೂ ಏನೂ ಅನ್ನಕೂಡದು ಎಂದು ಮೊದಲೇ ಹೇಳಿ. ಕಾಲು ಹಿಡಿದು ಪಾದದ ಮೇಲೆ ತಲೆಯಿಟ್ಟಳು, ಅಷ್ಟೇ. ಗಂಡ ಕಾಷಾಯ ಉಟ್ಟನೆಂದು ತಾನೂ ಉಟ್ಟಿದ್ದು, ಒಪ್ಪೊತ್ತು ಉಂಡಿದ್ದು, ಇದನ್ನೆಲ್ಲ ಹೇಳಿದವನು ಮಾವ ಶುದ್ಧೋದನ. ಸೊಸೆಯ ವ್ರತದ ವರದಿಯೂ ಮಾವನ ಬಾಯಲ್ಲೇ!

ನೀನು ಕೈಬಿಟ್ಟಿರುವುದು ಮುಂದಿನದನ್ನು. ಬುದ್ಧ ಊರಿಗೆ ಬಂದ 7ನೆಯ ದಿನ, 7 ವರ್ಷದ ಮಗನನ್ನು ಸಿಂಗರಿಸಿ, ‘ಅವರೇ ನಿನ್ನ ತಂದೆ, ಹೋಗಿ ನಿನ್ನ ಪಾಲು ಕೇಳು’ ಎಂದು ಕಳುಹಿಸಿದಳು. ಹುಡುಗ ತಂದೆಯ ಹಿಂದೆ ಹಿಂದೆಯೇ ಹೋಗಿ ಕೇಳಿದ. ಬುದ್ಧ ತನ್ನ ಶಿಷ್ಯ ಸಾರಿಪುತ್ತನನ್ನು ಕರೆದು ಅವನಿಗೆ ದೀಕ್ಷೆ ಕೊಡಿಸಿದ. ಪಾಲು ಸಿಕ್ಕಿತು, ಮಗ ಹೋದ. ಆಗಲೂ ಗೋಳು ಹೇಳಿಕೊಂಡವನು ಅಜ್ಜನೇ. ಮಕ್ಕಳ ಮೇಲಿನ ಪ್ರೀತಿ ಚರ್ಮ ಸೀಳಿ, ಮಾಂಸ ಸೀಳಿ, ಮೂಳೆಯೊಳಗಿನ ಮಜ್ಜೆಯವರೆಗೂ ಇಳಿಯುತ್ತದೆ ಎಂದ. ತಂದೆತಾಯಿಯರ ಒಪ್ಪಿಗೆಯಿಲ್ಲದೆ ಮಗನಿಗೆ ದೀಕ್ಷೆ ಕೊಡಬಾರದೆಂಬ ಸಂಘದ ನಿಯಮ ಹುಟ್ಟಿದ್ದು ಆ ಮಾತಿನಿಂದ. ಅದೇ ಸಂಜೆ ತಾಯಿ ಏನು ಮಾಡುತ್ತಿದ್ದಳು ಎಂಬುದಕ್ಕೆ, ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಒಂದು ಸಾಲೂ ಇಲ್ಲ.

ಆ ಸಂಜೆಯನ್ನು ರಂಗದ ಮೇಲೆ ತಾ ಪುಟ್ಟಿ. ಮೊದಲ ಸಲ ಗಂಡ ಹೇಳದೆ ಹೋದ. ಈ ಸಲ ಕಳುಹಿಸಿದವಳು ತಾನೇ, ಯಾರನ್ನು ಕೇಳಬೇಕು? ನಿನ್ನನ್ನು ಹಾಸ್ಟೆಲಿಗೆ ಬಿಟ್ಟುಬಂದ ರಾತ್ರಿ ನಾನು ಮೂರು ಜನಕ್ಕೆ ಅಕ್ಕಿ ಅಳೆದಿದ್ದೆ. ಅರ್ಜಿ ತುಂಬಿದ್ದವಳೂ ನಾನೇ. ಅಪ್ಪ ತಟ್ಟೆ ನೋಡಿಕೊಂಡು ಉಂಡರು. ಅವರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ಪುಟದ ಮಾತಿನಲ್ಲಿ ಮೂರನ್ನು ತೆಗೆದರೆ ಅಂಥದ್ದೊಂದಕ್ಕೆ ಜಾಗವಾಗುತ್ತದೆ.

ಪ್ರಯೋಗದ ದಿನಾಂಕ ತಿಳಿಸು. ಹಾಸಿಗೆಗೆ ಪ್ಲಾಸ್ಟಿಕ್ ಮಲ್ಲಿಗೆ ಮಾತ್ರ ಬೇಡ. ಅಜ್ಜಿಯ ಆ ಸೀರೆ ಇನ್ನೂ ಇದೆ, ಅಂಚು ಸವೆದಿದೆ. ಬೇಕಾದರೆ ತರುತ್ತೇನೆ.

ನಿನ್ನ
ಅಮ್ಮ