ಕತ್ತರಿಸದ ಹಾಳೆಗಳು

ಪ್ರಿಯ ಗೆಳೆಯ,

ಕಳೆದ ವಾರ ನೀನು ಫೋನಿನಲ್ಲಿ ಎಂದಿನಂತೆ ‘ಈಗೇನು ಓದುತ್ತಿದ್ದೀಯ?’ ಎಂದು ಕೇಳಿದಾಗ ನಾನು ಎಂದಿನಂತೆ ಅರ್ಧ ಗಂಟೆ ಭಾಷಣ ಮಾಡದೆ, ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಮಾತು ಮುಗಿಸಿಬಿಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ಮೇಜಿನ ಮೇಲೆ ನೀನು ಕೊಟ್ಟ ಕುವೆಂಪು ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಇತ್ತು, ಅದರ ಪಕ್ಕದಲ್ಲಿ ಮಗಳ ಸ್ಟೀಲಿನ ಅಳತೆಪಟ್ಟಿ ಇತ್ತು. ಇವೆರಡೂ ಒಂದೇ ಮೇಜಿನ ಮೇಲೆ ಬಂದದ್ದು ಹೇಗೆಂದು ನಿನಗೆ ಹೇಳುವ ಧೈರ್ಯ ಆ ಕ್ಷಣಕ್ಕೆ ನನಗಿರಲಿಲ್ಲ. ಈಗಲೂ ಅದು ಪೂರ್ತಿಯಾಗಿ ಬಂದಿಲ್ಲ. ಆದ್ದರಿಂದಲೇ ಈ ಪತ್ರವನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಸಾಕ್ಷಿಗಳೆದುರು ನೀನು ನನ್ನನ್ನು ಹೆಚ್ಚು ಬಯ್ಯಲಾರೆ ಎಂಬ ಲೆಕ್ಕಾಚಾರ ನನ್ನದು. ಮೇಷ್ಟ್ರ ಛತ್ರಿಯ ಪ್ರಸಂಗದಲ್ಲಿ ಈ ಲೆಕ್ಕಾಚಾರ ಹೇಗೆ ಕೈಕೊಟ್ಟಿತೆಂಬುದನ್ನು ಮರೆತಿಲ್ಲವಾದರೂ.

2010ರ ಆ ರಾತ್ರಿ ನಿನಗೆ ನೆನಪಿರಲೇಬೇಕು. ಇದೇ ಮೈಸೂರಿನ ರಂಗಾಯಣದ ಆವರಣದಲ್ಲಿ, ಸಿ. ಬಸವಲಿಂಗಯ್ಯನವರು ನಿರ್ದೇಶಿಸಿದ, ಇದೇ ಕಾದಂಬರಿಯ ಒಂಬತ್ತು ಗಂಟೆಗಳ ನಾಟಕವನ್ನು ನೋಡಲು ನಾವಿಬ್ಬರೂ ಒಂದೇ ಕಂಬಳಿ ಹೊದ್ದುಕೊಂಡು ಕುಳಿತಿದ್ದೆವು. ಒಂದು ರಂಗಸ್ಥಳದಲ್ಲಿ ದೃಶ್ಯ ಮುಗಿದೊಡನೆ ಕಂಬಳಿ ಸಮೇತ ಎದ್ದು ಇನ್ನೊಂದರ ಮುಂದೆ ಜಾಗ ಹಿಡಿಯಲು ಓಡುತ್ತಿದ್ದೆವು. ಬೆಳಗ್ಗೆ ಚಹಾ ಕುಡಿಯುತ್ತಾ ನೀನು, ತೀರ್ಥಹಳ್ಳಿ ಸೀಮೆಯವನೆಂಬ ಹಕ್ಕಿನಿಂದ, ನಾಯಿಗುತ್ತಿಯ ನಾಯಿ ‘ಹುಲಿಯ’ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುವುದು ಓದುಗರಿಗೆ ಕುವೆಂಪು ಮಾಡಿದ ಅನ್ಯಾಯ ಎಂದೆ. ಉಳಿದವರೆಲ್ಲ ದಡ ಸೇರಬೇಕಾದರೆ ಯಾರಾದರೊಬ್ಬರು ನದಿಗೆ ಸಲ್ಲಲೇಬೇಕಿತ್ತು ಎಂದು ನಾನು ವಾದಿಸಿದೆ. ಅಂದು ಹುಟ್ಟಿದ ಜಗಳ ಹದಿನೈದು ವರ್ಷ ನಡೆಯಿತು. ನಿನ್ನ ಮದುವೆಯ ಊಟದ ಪಂಕ್ತಿಯಲ್ಲಿಯೂ ನಡೆಯಿತು, ನನ್ನ ಮಗಳ ನಾಮಕರಣದಲ್ಲಿಯೂ ನಡೆಯಿತು. ಆ ನಾಟಕದ ಮರುವಾರವೇ ನೀನು ನಿನ್ನ ಪ್ರತಿಯನ್ನು ನನ್ನ ಕೈಗಿತ್ತು, ಪುಸ್ತಕ ಓದದೆ ಬಾಯಿ ತೆರೆಯಬಾರದೆಂದು ಆಜ್ಞಾಪಿಸಿದ್ದೆ.

ಈ ಮಳೆಗಾಲದಲ್ಲಿ ಕಪಾಟು ಒರೆಸುವಾಗ ಆ ಪ್ರತಿ ಕೈಗೆ ಸಿಕ್ಕಿತು. ಏಳುನೂರು ಪುಟಗಳ ಆಸುಪಾಸಿನ ಪುಸ್ತಕವಾದ್ದರಿಂದ ಅದು ಕೈಗೆ ಸಿಕ್ಕಿತು ಎನ್ನುವುದಕ್ಕಿಂತ ಕಾಲ ಮೇಲೆ ಬಿತ್ತು ಎಂದರೆ ಸರಿ. ಮೊದಲ ಪುಟದಿಂದ ಓದತೊಡಗಿದೆ. ಅಂಚುಗಳಲ್ಲಿ ನಿನ್ನ ಪೆನ್ಸಿಲ್ಲಿನ ಟಿಪ್ಪಣಿಗಳಿದ್ದವು, ಅವುಗಳನ್ನು ಓದುತ್ತಾ ಹೋದಂತೆ ನನ್ನ ಮುಖ ಬಿಸಿಯಾಗತೊಡಗಿತು. ಏಕೆಂದರೆ, ಈ ಕಾದಂಬರಿಯ ಬಗ್ಗೆ ನಾನು ಇಷ್ಟು ವರ್ಷ ಅಲ್ಲಿ ಇಲ್ಲಿ ಹೇಳಿ ಮೆಚ್ಚುಗೆ ಗಳಿಸಿದ ಮಾತುಗಳೆಲ್ಲವೂ, ‘ಇಲ್ಲಿ ಕಾಲುದಾರಿಯೇ ನಾಯಕ’ ಎಂಬ ನನ್ನ ಸುಪ್ರಸಿದ್ಧ ವಾಕ್ಯವೂ ಸೇರಿದಂತೆ, ಅಲ್ಲಿ ನಿನ್ನ ಕೋಳಿಕಾಲಿನ ಅಕ್ಷರದಲ್ಲಿ ಕುಳಿತಿದ್ದವು. ನಾನು ಕದ್ದಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಎಂದೋ ಓದಿ, ಓದಿದ್ದನ್ನು ಮರೆತು, ಅದು ನನಗೇ ಹೊಳೆದದ್ದೆಂದು ನಂಬಿಬಿಟ್ಟಿದ್ದೆ.

ಪೆನ್ಸಿಲ್ಲಿನ ಗುರುತುಗಳು ಪುಟ 211ಕ್ಕೆ ನಿಂತವು. ನೀನು ಅಲ್ಲಿಂದ ಮುಂದೆ ಪೆನ್ಸಿಲ್ ಇಲ್ಲದೆ ತನ್ಮಯನಾಗಿ ಓದಿರಬೇಕೆಂದು ನಾನು ಗೌರವದಿಂದಲೇ ಭಾವಿಸಿದೆ. ಆದರೆ ನಾನೂರರ ಆಚೆ ಒಂದು ಇಡೀ ಫಾರಂ, ಹದಿನಾರು ಪುಟ, ಮೇಲಂಚಿನಲ್ಲಿ ಕತ್ತರಿಸದೆ ಒಂದಕ್ಕೊಂದು ಸೇರಿಕೊಂಡಿದೆ. ಬೈಂಡಿಂಗ್ ಮಾಡಿದವರ ಬ್ಲೇಡು ಆ ಮಡಿಕೆಗೆ ತಾಗಿಯೇ ಇಲ್ಲ. ಗೆಳೆಯ, ಆ ಹಾಳೆಗಳನ್ನು ಯಾರೂ ಓದಿಲ್ಲ. ನೀನೂ ಓದಿಲ್ಲ, ಅದನ್ನು ಹದಿನೈದು ವರ್ಷ ಇಟ್ಟುಕೊಂಡ ನಾನೂ ಓದಿಲ್ಲ. ಕೆಳಗಿನಿಂದ ಹಾಳೆಗಳನ್ನು ಅಗಲಿಸಿ, ಬಾವಿಯೊಳಗೆ ಇಣುಕುವಂತೆ ಕಣ್ಣಿಟ್ಟು ಓದಿದೆ ಎಂದು ನೀನು ಹೇಳಬಹುದು. ಹೇಳಿನೋಡು, ಮೂರನೆಯ ಬಾಳೆಹಣ್ಣಿನ ಕಥೆಯನ್ನು ನಂಬಿದವನು ಇದನ್ನೂ ನಂಬಿಯಾನು.

ನಿನ್ನನ್ನು ಹಿಡಿದೆನೆಂಬ ಸಂತೋಷ ಒಂದು ಗಂಟೆಯೂ ಬಾಳಲಿಲ್ಲ. ಆ ಜಗಳಕ್ಕೆ ನಿನಗೆ ಕನಿಷ್ಠ ನಾಟಕವಾದರೂ ಆಧಾರವಾಗಿತ್ತು; ನನಗೆ ಅದೂ ಇರಲಿಲ್ಲ. ಆ ಬೆಳಗಿನ ಜಾವ ಕೊನೆಯ ದೃಶ್ಯಗಳ ಹೊತ್ತಿಗೆ ನಾನು ಕಂಬಳಿಯೊಳಗೆ ಗಾಢನಿದ್ರೆಯಲ್ಲಿದ್ದೆ. ಜನರ ಚಪ್ಪಾಳೆಗೆ ಎಚ್ಚರವಾಗಿ ನಾನೂ ಚಪ್ಪಾಳೆ ತಟ್ಟಿದೆ. ಹುಲಿಯ ನದಿಯ ಪಾಲಾದದ್ದು ನನಗೆ ಗೊತ್ತಾದದ್ದು ನಿನ್ನ ಬಾಯಿಂದ, ಚಹಾದ ಅಂಗಡಿಯಲ್ಲಿ. ಅಂದರೆ ನೀನು ಓದದೆ ಹೇಳಿದ್ದನ್ನು ನಾನು ನೋಡದೆ ವಿರೋಧಿಸುತ್ತಾ ಬಂದಿದ್ದೇನೆ.

ಈಗ ಅಳತೆಪಟ್ಟಿಯ ವಿಷಯ ನಿನಗೆ ಅರ್ಥವಾಗಿರಬೇಕು. ಹಾಳೆಗಳನ್ನು ಅದರಿಂದಲೇ ಬಿಡಿಸಿದೆ. ಒಂದು ಕಡೆ ಅರ್ಧ ಅಂಗುಲ ಹರಿದಿದೆ, ಕ್ಷಮಿಸು. ಈಗ ನಿಜವಾಗಿಯೂ ಓದುತ್ತಿದ್ದೇನೆ, ದಿನಕ್ಕೆ ಹದಿನೈದು ಪುಟದಂತೆ. ಅದಕ್ಕಿಂತ ವೇಗವಾಗಿ ಓದಲು ಈ ಪುಸ್ತಕ ಬಿಡುವುದಿಲ್ಲ. ಅವಸರ ಮತ್ತು ಸಾವಧಾನಗಳ ಕುರಿತು ಕುವೆಂಪು ಆರಂಭದಲ್ಲೇ ಬರೆದ ಮಾತನ್ನು ಮದುವೆಯ ಕರೆಯೋಲೆಗಳ ಮೇಲೂ ಓದಿದವರು ನಾವು. ಆದರೆ ಅದು ಓದುಗನಿಗೆ ಕೊಟ್ಟ ಎಚ್ಚರಿಕೆಯೂ ಹೌದೆಂಬುದು ನನಗೆ ಗೊತ್ತಾಗಲು ಗುತ್ತಿಯ ಹಿಂದೆ ಕಾಡಿನಲ್ಲಿ ನಾನೂ ನಡೆಯಬೇಕಾಯಿತು. ಸಿಂಬಾವಿಯ ಆ ಜೀತದಾಳು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಷ್ಟರಲ್ಲಿ ದಾರಿಯ ಪ್ರತಿಯೊಂದು ಗುಡಿಸಲೂ, ಪ್ರತಿಯೊಂದು ಹಟ್ಟಿಯೂ ತನ್ನ ಕಥೆಯನ್ನು ಹೇಳಿಕೊಳ್ಳುತ್ತದೆ. ಪಾದ್ರಿಯ ಬೈಸಿಕಲ್ಲು ಆ ಜನರ ಬಾಯಲ್ಲಿ ‘ಬೀಸೆಕಲ್ಲು’ ಆಗುವಲ್ಲಿ ನಾನು ಒಬ್ಬನೇ ಗಟ್ಟಿಯಾಗಿ ನಕ್ಕೆ. ಹತ್ತೊಂಬತ್ತನೆಯ ಶತಮಾನದ ಕೊನೆ. ಲೋಕದ ಇನ್ನೊಂದು ತುದಿಯಲ್ಲಿ ವಿವೇಕಾನಂದರು ಮಾತನಾಡಿದ ಕಾಲ. ಇಲ್ಲಿ ಮಲೆನಾಡಿನಲ್ಲಿ ಎರಡು ಚಕ್ರದ ಒಂದು ಯಂತ್ರ ಇಡೀ ಸೀಮೆಯ ನಿದ್ದೆಗೆಡಿಸಿದೆ.

ಎಲ್ಲವೂ ನನಗೆ ಹಿಡಿಸಿತೆಂದು ಹೇಳಲಾರೆ. ಲೇಖಕರು ಕಥೆಯನ್ನು ಬದಿಗಿಟ್ಟು ದರ್ಶನದ ಎತ್ತರದಿಂದ ಮಾತನಾಡತೊಡಗಿದಾಗ ನಾನು ಕೆಲವೊಮ್ಮೆ ಆಕಳಿಸಿದ್ದೇನೆ. ಆದರೆ ಮದುವೆಯಿಂದ ತಪ್ಪಿಸಿಕೊಂಡ ಚಿನ್ನಮ್ಮ ಇರುಳಿನಲ್ಲಿ ಕಾಡು ಹೊಕ್ಕು ಹುಲಿಕಲ್ಲು ನೆತ್ತಿಯ ಕಡೆಗೆ ಹೋಗುವ ಭಾಗವನ್ನು ಓದಿ ಮುಗಿಸಿದ ಮೇಲೆ, ರಾತ್ರಿ ಎದ್ದು ಮಗಳ ಕೋಣೆಯ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ಬಂದೆ. ಮರುದಿನ ಬೆಳಗ್ಗೆ ವಾಕಿಂಗಿಗೆ ಹೋದಾಗ ಕುವೆಂಪು ಅವರ ‘ಉದಯರವಿ’ ಮನೆಯ ಮುಂದೆ, ಬಾಕಿದಾರನಂತೆ ತಲೆತಗ್ಗಿಸಿಕೊಂಡು ನಡೆದೆ.

ನನ್ನನ್ನು ನಿಜಕ್ಕೂ ಅಲುಗಾಡಿಸಿದ್ದು ಕಾವೇರಿ. ಇದಕ್ಕೊಂದು ಹಿನ್ನೆಲೆ ಇದೆ, ಇದನ್ನು ನಿನಗೆ ಈವರೆಗೆ ಹೇಳಿಲ್ಲ. ಕಳೆದ ವರ್ಷ ನಮ್ಮ ಬಡಾವಣೆಯ ಓದುಗರ ಕೂಟವೊಂದರಲ್ಲಿ ಈ ಕಾದಂಬರಿಯ ಕುರಿತು ಮುಕ್ಕಾಲು ಗಂಟೆ ಮಾತನಾಡಿದೆ. ಶೀರ್ಷಿಕೆಯ ಮದುಮಗಳು ಯಾರು ಎಂದು ನಾನೇ ಪ್ರಶ್ನೆ ಹಾಕಿಕೊಂಡು, ಚಿನ್ನಮ್ಮನೂ ಹೌದು, ಗುತ್ತಿಯ ತಿಮ್ಮಿಯೂ ಹೌದು, ಐತನ ಪೀಂಚಲುವೂ ಹೌದು ಎಂದು ಬೆರಳು ಮಡಚಿ ಹೇಳಿದೆ, ಜನ ತಲೆದೂಗಿದರು. ಆಗ ಕೊನೆಯ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು, ‘ಅಂತಕ್ಕನ ಮಗಳು ಕಾವೇರಿಯನ್ನು ಬಿಟ್ಟಿರಲ್ಲ?’ ಎಂದು ಮೆಲ್ಲಗೆ ಕೇಳಿದರು. ನಾನು ಒಂದು ಕ್ಷಣವೂ ತಡವರಿಸದೆ, ಕಾವೇರಿಯದು ಬೇರೆಯೇ ಚರ್ಚೆ, ಸಮಯದ ಅಭಾವದಿಂದ ಬಿಟ್ಟೆ ಎಂದೆ. ಅವರು ‘ಸರಿ’ ಎಂದು ಕುಳಿತರು. ಆ ‘ಸರಿ’ಯಲ್ಲಿ ಎಲ್ಲವೂ ಇತ್ತು; ಅದು ಆಗ ನನ್ನ ಕಿವಿಗೆ ಬೀಳಲಿಲ್ಲ. ಮೊನ್ನೆ ಕಾವೇರಿಯ ದುರಂತವನ್ನು ಓದುವಾಗ, ಮದುವೆಯ ಕನಸು ಹೊತ್ತ ಆ ಹುಡುಗಿಗೆ ಏನಾಗುತ್ತದೆಂಬುದನ್ನು ಪುಟದಿಂದ ಪುಟಕ್ಕೆ ಓದಬೇಕಾಗಿ ಬಂದಾಗ, ಎರಡು ಬಾರಿ ಪುಸ್ತಕ ಮುಚ್ಚಿಟ್ಟೆ. ಇದನ್ನು ಓದಿದ ಯಾರೂ ಆ ಪಟ್ಟಿಯಿಂದ ಅವಳನ್ನು ಬಿಡಲಾರರು. ಆ ಶಿಕ್ಷಕಿಗೆ ಅಂದೇ ತಿಳಿದಿತ್ತು, ಇವನು ಅಲ್ಲಿಯವರೆಗೆ ಹೋಗಿಲ್ಲವೆಂದು.

ಇದೊಂದೇ ಪುಸ್ತಕವಾಗಿದ್ದರೆ ನಗೆಯಾಡಿ ಮುಗಿಸುತ್ತಿದ್ದೆ. ಮೂರು ವರ್ಷಗಳಿಂದ ನಾನು ಯಾವ ಪುಸ್ತಕವನ್ನೂ ಕೊನೆಯವರೆಗೆ ಓದಿಲ್ಲ. ಪ್ರತಿ ತಿಂಗಳೂ ನಿನಗೆ ಒಂದು ಹೆಸರು ಹೇಳಿದ್ದೇನೆ, ಬೆನ್ನುಡಿ ಮತ್ತು ಮೊದಲ ನಲವತ್ತು ಪುಟಗಳ ಬಲದಿಂದ ಅಭಿಪ್ರಾಯವನ್ನೂ ಹೇಳಿದ್ದೇನೆ. ಅಮ್ಮ ಹೋದದ್ದೂ ಮೂರು ವರ್ಷಗಳ ಹಿಂದೆ. ಕಣ್ಣಿಗೆ ಪೊರೆ ಬಂದು, ವಯಸ್ಸಿನ ಕಾರಣ ಶಸ್ತ್ರಚಿಕಿತ್ಸೆ ಬೇಡವೆಂದು ಅವಳು ಹಟ ಹಿಡಿದ ಮೇಲೆ, ರಾತ್ರಿ ಊಟವಾದ ಬಳಿಕ ನಾನೇ ಅವಳಿಗೆ ಓದಿ ಹೇಳುತ್ತಿದ್ದೆನೆಂಬುದು ನಿನಗೆ ಗೊತ್ತಿದೆ. ನಾನು ಎಲ್ಲಿ ನಿಲ್ಲಿಸಿದರೂ ಅವಳು ‘ಆಮೇಲೆ?’ ಎನ್ನುತ್ತಿದ್ದಳು. ಪುಸ್ತಕ ಚೆನ್ನಾಗಿದೆಯೇ, ಲೇಖಕರು ಯಾರು, ಪ್ರಶಸ್ತಿ ಬಂದಿದೆಯೇ ಎಂದು ಅವಳು ಒಮ್ಮೆಯೂ ಕೇಳಿದವಳಲ್ಲ. ಈಗ ನನ್ನನ್ನು ಎಲ್ಲರೂ ಏನು ಓದುತ್ತಿದ್ದೀರಿ ಎಂದು ಕೇಳುತ್ತಾರೆ, ನೀನೂ ಹಾಗೆಯೇ ಕೇಳುತ್ತೀಯೆ. ಅದಕ್ಕೆ ಉತ್ತರ ಕೊಡಲು ರಕ್ಷಾಪುಟ ಸಾಕು. ಬೀಸೆಕಲ್ಲಿನ ಪುಟ ಬಂದಾಗ ನಾನು ಅಷ್ಟು ಗಟ್ಟಿಯಾಗಿ ನಕ್ಕದ್ದು, ಪಕ್ಕದ ಕೋಣೆಗೆ ಕೇಳಲಿ ಎಂದು. ಆ ಕೋಣೆಯಲ್ಲಿ ಈಗ ಇಸ್ತ್ರಿಯ ಮೇಜು ಇದೆ.

ಇಷ್ಟನ್ನು ಬರೆಯುವ ಉದ್ದೇಶ ನನಗಿರಲಿಲ್ಲ. ಒಲೆಯ ಮೇಲೆ ಹಾಲಿದೆ.

ಹಾಲು ಆರಿಸಿ ಬಂದೆ ಎಂದಿಟ್ಟುಕೋ. ನನ್ನ ಪರವಾಗಿ ಒಂದು ಮಾತನ್ನಾದರೂ ಹೇಳಿಕೊಳ್ಳಲು ಅವಕಾಶ ಕೊಡು. ಕುವೆಂಪು ಬರೆದದ್ದು ಎರಡೇ ಕಾದಂಬರಿ. ‘ಕಾನೂರು ಹೆಗ್ಗಡಿತಿ’ ಪ್ರಕಟವಾದದ್ದು 1936ರಲ್ಲಿ, ಈ ಮದುಮಗಳು ಬಂದದ್ದು 1967ರಲ್ಲಿ. ಎರಡರ ನಡುವೆ 31 ವರ್ಷಗಳು. ಮಹಾಕವಿಗಳಿಗೇ ಅಷ್ಟು ಕಾಲ ಹಿಡಿಯಿತೆಂದ ಮೇಲೆ, ಓದುವುದಕ್ಕೆ ನಾನು ಅದರ ಅರ್ಧವನ್ನು ತೆಗೆದುಕೊಂಡರೆ ಅದನ್ನು ಸೋಮಾರಿತನವೆಂದು ಕರೆಯುವುದು ಒಳ್ಳೆಯ ವಿಮರ್ಶೆಯ ಲಕ್ಷಣವಲ್ಲ. ಈ ವಾದವನ್ನು ಮನೆಯವಳ ಮುಂದೆ ಮಂಡಿಸಿದೆ. ಹಾಗಾದರೆ ಸ್ನಾನದ ಮನೆಯ ನಲ್ಲಿ ಯಾವ ಮಹಾಕಾವ್ಯಕ್ಕಾಗಿ ಕಾಯುತ್ತಿದೆ ಎಂದು ಕೇಳಿದಳು.

ಆದ್ದರಿಂದ, ನೀನು ಕೇಳಿದ್ದಕ್ಕೆ ಉತ್ತರ: ಅದನ್ನೇ ಓದುತ್ತಿದ್ದೇನೆ, ಇನ್ನು ಮೂವತ್ತು ಪುಟ ಬಾಕಿ ಇದೆ. ಗುತ್ತಿ ಇನ್ನೂ ಹೊಳೆಯ ದಂಡೆಗೆ ಬಂದಿಲ್ಲ. ನಾಲ್ಕು ದಿನಗಳಿಂದ ಪುಸ್ತಕವನ್ನು ಅಲ್ಲಿಯೇ ನಿಲ್ಲಿಸಿದ್ದೇನೆ. ಸಮಯವಿಲ್ಲದೆ ಅಲ್ಲ, ಕೊನೆಯನ್ನು ಓದಿಬಿಟ್ಟರೆ ನಾಯಿಯ ವಿಷಯದಲ್ಲಿ ನಾನು ನಿನ್ನ ಪಕ್ಷಕ್ಕೆ ಬರಬೇಕಾಗಬಹುದೆಂಬ ಭಯ ನನಗಿದೆ, ಹದಿನೈದು ವರ್ಷದ ಜಗಳವನ್ನು ಹಾಗೆ ಒಂದು ಸಂಜೆಗೆ ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ದಸರೆಗೆ ನೀನು ಬರುತ್ತೀಯಲ್ಲ, ಆಗ ಉಳಿದ ಪುಟಗಳನ್ನು ನೀನು ಗಟ್ಟಿಯಾಗಿ ಓದು, ನಾನು ಕೇಳುತ್ತೇನೆ. ಎಲ್ಲಿ ನಿಲ್ಲಿಸಿದರೂ ನಾನು ಏನು ಕೇಳುತ್ತೇನೆಂದು ಈಗ ನಿನಗೆ ಗೊತ್ತಿದೆ. ನಿನ್ನ ಉಚ್ಚಾರಣೆಯನ್ನು ಸಹಿಸಿಕೊಳ್ಳುತ್ತೇನೆ. ನಿದ್ದೆ ಮಾತ್ರ ಮಾಡುವುದಿಲ್ಲ; ಕಂಬಳಿಯನ್ನು ತರಬೇಡ.

ನಿನ್ನವನೇ,
211ನೆಯ ಪುಟದ ಕಳ್ಳ

ತಾಜಾ ಕಲಂ: ಮೇಷ್ಟ್ರ ಛತ್ರಿ ನನ್ನ ಬಳಿ ಇಲ್ಲ. ಇದನ್ನು ಸಾಕ್ಷಿಗಳೆದುರು ಹೇಳುತ್ತಿದ್ದೇನೆ.