ಮನೋಬಲದ ಪ್ರಯೋಗ: ಗುಂಡಿ ಒತ್ತುವ ಮೊದಲೇ ಬರೆದಿಡಿ

ಮಾನ್ಯ ಸಂಪಾದಕರೇ,

ಮನಸ್ಸಿನ ಬಲದಿಂದ ಯಂತ್ರದ ನಡೆಯನ್ನೇ ಬದಲಿಸಬಹುದು ಎನ್ನುವವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹೆಸರು ಹೇಳುತ್ತಾರೆ. ಎಂಜಿನಿಯರಿಂಗ್ ಡೀನ್ ಆಗಿದ್ದ ರಾಬರ್ಟ್ ಜಾನ್ 1979ರಲ್ಲಿ ಆರಂಭಿಸಿದ ಪ್ರಯೋಗಾಲಯ 2007ರವರೆಗೆ ಅಲ್ಲಿತ್ತು. ಅಲ್ಲಿನ ಯಂತ್ರವೆಂದರೆ ಎಲೆಕ್ಟ್ರಾನಿಕ್ ಗದ್ದಲದಿಂದ, ಅಂದರೆ ವಿದ್ಯುತ್ತಿನ ಗೊತ್ತುಗುರಿಯಿಲ್ಲದ ಏರಿಳಿತದಿಂದ, ಸೊನ್ನೆ, ಒಂದುಗಳನ್ನು ಹೊರಡಿಸುವ ಪೆಟ್ಟಿಗೆ. ಸರದಿಗೆ 200 ಅಂಕಿ, ಸರಾಸರಿ 100 ‘ಒಂದು’ ಬರಬೇಕು. ಎದುರು ಕೂತವರು ಒಮ್ಮೆ ‘ಹೆಚ್ಚಲಿ’, ಒಮ್ಮೆ ‘ತಗ್ಗಲಿ’ ಎಂದು ಬಯಸಬೇಕು, ಮತ್ತೊಮ್ಮೆ ಏನನ್ನೂ ಬಯಸದೆ ಕೂರಬೇಕು. ಹನ್ನೆರಡು ವರ್ಷದಲ್ಲಿ 91 ಮಂದಿ ಕೂತರು. ‘ಹೆಚ್ಚಲಿ’ ಎಂದಾಗ ಸಿಕ್ಕ ಸರಾಸರಿ 100.026.

ಒಂದು ಸರದಿಯ ಸಹಜ ಏರಿಳಿತವೇ 7.07 ಇರುವಾಗ ಈ ವ್ಯತ್ಯಾಸ ಹಿಡಿಯಲು, ಶೇ 5ರ ಮಿತಿ (ಏನೂ ಇಲ್ಲದಿದ್ದರೂ ‘ಇದೆ’ ಎಂದು ಎಣಿಸುವ ತಪ್ಪಿನ ಸಂಭವ), ಶೇ 80ರ ಪತ್ತೆ ಸಾಧ್ಯತೆ (ಪರಿಣಾಮ ನಿಜವಾಗಿ ಇದ್ದರೆ ಅದು ಕಾಣುವ ಸಂಭವ) ಎಂಬ ಲೆಕ್ಕದಲ್ಲಿ, ಸುಮಾರು ನಾಲ್ಕೂವರೆ ಲಕ್ಷ ಸರದಿ ಬೇಕು. ಪ್ರಿನ್ಸ್‌ಟನ್ ಹಾಗೂ ಜರ್ಮನಿಯ ಫ್ರೈಬುರ್ಗ್, ಗೀಸೆನ್ ತಂಡಗಳು 227 ಮಂದಿಯೊಂದಿಗೆ ಪ್ರತಿ ಬಯಕೆಗೂ ಏಳೂವರೆ ಲಕ್ಷ ಸರದಿ ನಡೆಸಿ 2000ದಲ್ಲಿ ವರದಿ ಕೊಟ್ಟವು. ಮುಖ್ಯ ಪರಿಣಾಮ ಮತ್ತೆ ಕಾಣಲಿಲ್ಲ.

ಇಂಥ ಸೋಲಿಗೆ ಎರಡು ಸಮಜಾಯಿಷಿ ಸಿದ್ಧವಿರುತ್ತವೆ: ಪ್ರಯೋಗ ನಡೆಸಿದವರು ಸರಿಯಿರಲಿಲ್ಲ, ಇಲ್ಲವೇ ಮನಸ್ಸಿನ ತಂತ್ರ ಸರಿಯಿರಲಿಲ್ಲ. ಎರಡನ್ನೂ ನಿಜವಾಗಿ ಪರೀಕ್ಷಿಸಬಹುದು ಎಂಬುದೇ ನಮ್ಮ ವಾದ.

ತಂತ್ರಗಳಲ್ಲಿ ಎರಡು ಹೆಚ್ಚು ಬಳಕೆಯವು. ತನ್ನಿಂದ ಶಕ್ತಿ ಹರಿದು ಯಂತ್ರದೊಳಗೆ ಇಳಿಯುತ್ತಿದೆ ಎಂದು ಕಲ್ಪಿಸುವುದು ಒಂದು; ಒಳಗಿನ ಗೊಡವೆಯೇ ಇಲ್ಲದೆ, ಪರದೆಯ ಗೆರೆ ಮೇಲೇರಿದ್ದನ್ನಷ್ಟೇ ಮನಸ್ಸಿನಲ್ಲಿ ಕಾಣುವುದು ಇನ್ನೊಂದು. ಪ್ರಿನ್ಸ್‌ಟನ್‌ನಲ್ಲಿ ಇದನ್ನು ಕೂತವರ ಇಷ್ಟಕ್ಕೇ ಬಿಟ್ಟಿದ್ದರು. ಫಲ ಕಂಡ ಮೇಲೆ ಕೇಳಿದರೆ ಗೆದ್ದವರಿಗೆ ‘ನಿರಾಳವಾಗಿದ್ದೆ’ ಎಂದೂ ಸೋತವರಿಗೆ ‘ಹಟ ಹಿಡಿದೆ’ ಎಂದೂ ನೆನಪಾಗುವುದು ಸಹಜ. ಉದಾಹರಣೆಗೆ, ಮೂರು ತಂತ್ರ, ಇಬ್ಬರು ಪ್ರಯೋಗಕಾರರು, ಎರಡು ಬಯಕೆ ಎಂದು ಆಮೇಲೆ ಹನ್ನೆರಡು ಗುಂಪು ಮಾಡಿದರೆ, ಏನೂ ಇಲ್ಲದಿದ್ದರೂ ಒಂದರಲ್ಲಾದರೂ ‘ಫಲ’ ಕಾಣುವ ಸಂಭವ ಶೇ 46.

ಪ್ರಯೋಗಕಾರರ ಪ್ರಭಾವವನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿದವರೂ ಇದ್ದಾರೆ. ದೂರದಿಂದ ದಿಟ್ಟಿಸಿದರೆ ಇನ್ನೊಬ್ಬರ ಚರ್ಮದ ವಿದ್ಯುತ್ ವಾಹಕತೆ ಬದಲಾಗುತ್ತದೆಯೇ ಎಂದು ಸಂದೇಹವಾದಿ ರಿಚರ್ಡ್ ವೈಸ್‌ಮನ್, ನಂಬಿಕೆಯುಳ್ಳ ಮರ್ಲಿನ್ ಶ್ಲಿಟ್ಸ್ ಒಂದೇ ಕೋಣೆ, ಒಂದೇ ಉಪಕರಣದಲ್ಲಿ ನೋಡಿದರು. 1997ರ ವರದಿಯಲ್ಲಿ ಶ್ಲಿಟ್ಸ್‌ಗೆ ಫಲ ಸಿಕ್ಕಿತ್ತು, ವೈಸ್‌ಮನ್‌ಗೆ ಇಲ್ಲ. ಬಂದವರನ್ನು ಮಾತನಾಡಿಸುವ ಕೆಲಸ, ದಿಟ್ಟಿಸುವ ಕೆಲಸ ಎರಡನ್ನೂ ಬೇರ್ಪಡಿಸಿದ 2006ರ ಅಧ್ಯಯನದಲ್ಲಿ ಇಬ್ಬರಿಗೂ ಸಿಗಲಿಲ್ಲ. ಇಬ್ಬರೂ ಒಟ್ಟಿಗೇ ಅದನ್ನು ಪ್ರಕಟಿಸಿದ್ದು ದೊಡ್ಡ ಮಾತು.

ಇಲ್ಲಿನ ಕಾಲೇಜುಗಳಲ್ಲಿ ಯಾರಾದರೂ ಮಾಡಿ ನೋಡುವುದಾದರೆ ತಂತ್ರ, ಬಯಕೆ, ಪ್ರಯೋಗಕಾರರು ಮೂರನ್ನೂ ಚೀಟಿ ಎತ್ತಿ ನಿರ್ಧರಿಸಿ, ಗುಂಡಿ ಒತ್ತುವ ಮೊದಲೇ ಬರೆದು ಮೊಹರು ಮಾಡಲಿ. ಸರದಿಗಳ ಸಂಖ್ಯೆಯೂ ಆಗಲೇ ಗೊತ್ತಾಗಿರಬೇಕು: ನಡುವೆ ಐದು ಸಲ ಇಣುಕಿ, ಫಲ ಕಂಡಲ್ಲಿ ನಿಲ್ಲಿಸಿದರೆ ಶೇ 5ರ ತಪ್ಪು ಶೇ 14ಕ್ಕೆ ಏರುತ್ತದೆ. ಬಿಸಿಯೇರಿದಾಗ ಪೆಟ್ಟಿಗೆ ಒಂದೇ ಕಡೆ ವಾಲಬಹುದು, ಹಾಗಾಗಿ ಒಂದು ಬಿಟ್ಟು ಒಂದು ಅಂಕಿಯನ್ನು ತಿರುಗಿಸಬೇಕು (ಸೊನ್ನೆಯನ್ನು ಒಂದು, ಒಂದನ್ನು ಸೊನ್ನೆ ಎಂದು ಎಣಿಸಬೇಕು). ಯಾರೂ ಇಲ್ಲದ ಕೋಣೆಯಲ್ಲಿ ಅಷ್ಟೇ ಸರದಿ ಓಡಿಸಿಯೂ ನೋಡಬೇಕು.

ಮುಂದೆ ಇಂಥ ಸುದ್ದಿ ಬಂದಾಗ, ಸರದಿಗಳ ಸಂಖ್ಯೆ ಎಷ್ಟು, ತಂತ್ರವನ್ನು ಗೊತ್ತುಮಾಡಿದ್ದು ಯಾವಾಗ, ಬಯಕೆ ಏನೆಂದು ಕೋಣೆಯಲ್ಲಿದ್ದ ಪ್ರಯೋಗಕಾರರಿಗೆ ತಿಳಿದಿತ್ತೇ ಎಂಬುದನ್ನೂ ದಯವಿಟ್ಟು ಕೇಳಿ ಪ್ರಕಟಿಸಿ.

– ಸಂಖ್ಯಾಶಾಸ್ತ್ರ ಅಧ್ಯಾಪಕರು, ಮೈಸೂರು